ತೆಳ್ಳನ ಸುಣ್ಣ

ಗೋಕಾಕದ ಸಟವಾಜಿ ಜಿನಗಾರ ಸಮುದ್ರ ನೋಡಿದಾಂವಲ್ಲ.
ನೋಡಿದ್ದು ಫಾಲ್ಸು, ಘಟಪ್ರಭೆ, ಸಂತಿಯ ಬಾಳಿಮೀನು.
ಹಿಂಗಾಗಿ ಖಾನಾಪುರದಾಚೆ ನಮ್ಮ ಇಗರ್ಜಿ ಗ್ವಾಡಿ ಮ್ಯಾಲ
ಯೋನನ್ನ ನುಂಗಿದ ಮೀನಿಗೆ ಮೀಸಿ ಇದ್ದುವು,
ಕಡಲು ಕಲ್ಬಂಡಿ ಮ್ಯಾಲಿಂದ ಧುಮುಕತಿತ್ತು,
ಹೊಟ್ಟಿಯೊಳಗ ಕುಂತ ಪ್ರವಾದಿ
ಥಂಡಿಗೆ ಕರೀಕಂಬಳಿ ಹೊದ್ದಿದ್ದ.

ಹಸಿ ಗಚ್ಚು. ಒಣಗೂದರೊಳಗ ಬಣ್ಣ ಕುಡಿಸಬೇಕು,
ಇವತ್ತೆಷ್ಟು ಮುಗಸತೀ ಅಷ್ಟೇ ಬಳಿ, ಅಂತಿದ್ನಂತ.
ಸಂತ ಪೇತ್ರನ ಮೈ ಶನಿವಾರದ್ದು, ತಲಿ ಸೋಮವಾರದ್ದು;
ಕೊರಳಾಗ ಕೂದಲೆಳಿಯಷ್ಟು ಗೆರಿ.
ನಡುವಿನ ಐತವಾರ
ರುಂಡಿಲ್ಲದ ಸಂತಗ ಮಂದಿ ಮೊಣಕಾಲೂರಿತು.

ಪಾದ್ರಿ ಬೆನ್ನು ತೋರಿಸಿ ಲ್ಯಾಟಿನ್ ಓದತಿದ್ದ.
ನಮ್ಮಾಯಿ ನತಾಲಿನ್ ಗ್ವಾಡಿ ಓದತಿದ್ಲು,
ಎಡದಿಂದ ಬಲಕ್ಕ; ಕೂಸು ಹೆಗಲ ಬದಲಿಸಿದ್ರ
ಬಲದಿಂದ ಎಡಕ್ಕ.
ಸಣ್ಣ ಸೊಲಗಿ ಹಿಡಕೊಂಡು ನರಕದಾಗ ಬೇಯಾಂವಗ
ಅಂಗಡಿ ಕಾಯ್ತಾನನ ಮೂಗು ಹಚ್ಚಿದ್ದ ಸಟವಾಜಿ.
ಕಾಯ್ತಾನ ಹನ್ನೊಂದು ವರ್ಷ
ಕಂಬದ ಮರಿಗೆ ನಿಂತು ಪೂಜಿ ಕೇಳಿದ.
ಸೊಲಗಿ ಮಾತ್ರ ದೊಡ್ಡದಾಗಲಿಲ್ಲ.

ನನಗ ಹದಿನಾರು. ಹೊಸ ಪಾದ್ರಿ ಬಂದ್ರು,
"ಎಲ್ಲಾರೂ ಆ ಮೀನು ನೋಡತಾರ, ಪ್ರಸಂಗ ಕೇಳೂದಿಲ್ಲ" ಅಂದ್ರು.
ದಿನಕ್ಕ ಐದು ರೂಪಾಯಿ, ಕತ್ತಾಳಿ ನಾರಿನ ಕುಂಚ,
ಎರಡು ಡ್ರಮ್ಮು ಸುಣ್ಣ.
ಹೊಡದಾಂವ ನಾನು.

ನಿಚ್ಚಣಿಕಿ ಕೆಳಗ ಆಯಿ ಬಂದು ನಿಂತ್ಲು.
ಬ್ಯಾಡ ಅನಲಿಲ್ಲ. ಪಾದ್ರಿ ಮಾತು ಮೀರಾಕಿ ಅಲ್ಲ ಆಕಿ.
"ಮೀನಿನ ಕಣ್ಣಿಗೆ ತೆಳ್ಳಗ ಹಚ್ಚಪಾ" ಅಂದ್ಲು,
"ಒಳಗೊಬ್ಬಾಂವ ಕುಂತಾನ."

ಈಗ ಧಾರವಾಡದ ಹುಡುಗಿ ಬಂದಾಳ.
ದವಾಖಾನಿ ಚಾಕು, ಹತ್ತಿ, ಹಣಿಗೊಂದು ದೀಪ.
ಮೂರು ದಿನಕ್ಕ ಅಂಗೈಯಗಲ ಬಿಡಿಸ್ಯಾಳ:
ಒಂದು ಮೀಸಿ, ಅರ್ಧ ಕಂಬಳಿ.
ಯಾವ ಪುಣ್ಯಾತ್ಮರೀ ಇದನ್ನ ಮುಚ್ಚಿದಾಂವ, ಅಂತಾಳ.
ನಿಚ್ಚಣಿಕಿ ಹಿಡದೀನಿ, ಕೈ ಖಾಲಿ ಇಲ್ಲ.
ಬಾಯಾಗ ಎಲಿ,
ಸುಣ್ಣ ಜಾಸ್ತಿ ಆಗೈತಿ.

"ಕಾಕಾ, ಇಲ್ಲಿ ನೋಡ್ರಿ. ಇಲ್ಲಷ್ಟೇ ತೆಳ್ಳಗೈತಿ."
ಹೌದೇನ್ರಿ, ಅಂದೆ.
ಆಕಿ ಮತ್ತ ಹತ್ತಿ ತೋಯಿಸಿದ್ಲು.