ತಗಡಿನ ಮೇಲೆ ನೀರು

ಮೊದಲ ದಿನವೇ ನೀಲಿ ಡಬ್ಬಿಯ ಮುಚ್ಚಳ
ಒತ್ತಿ ಮುಚ್ಚಿಬಿಟ್ಟರು ಬಂದೇನವಾಜ ಮಾಸ್ತರು.
‘ನೀರು ನೀಲಿ ಅಂತ ಯಾರು ಹೇಳಿದ್ರು ನಿನಗ, ದ್ಯಾಮವ್ವ?
ನಿಮ್ಮನಿ ಕೊಡದಾಗಿಂದ ನೀಲಿ ಬೀಳ್ತದೇನು?’

ಗೊಬ್ಬರದಂಗಡಿ, ಹೊಲಿಗೆ ಕ್ಲಾಸು, ಸೈಟು ಮಾರಾಟಕ್ಕಿದೆ,
ಬೀಜದ ಪಾಕೀಟಿನ ಬಿರಿದ ಹತ್ತಿಕಾಯಿ
ಬರೆದು ಬರೆದು ಕೈ ಪಳಗಿತ್ತು ನನ್ನದು.
ಅಕ್ಷರ ನಿಲ್ಲಿಸಿದಲ್ಲಿ ನಿಲ್ಲುತ್ತದೆ.
ನೀರು ಹಾಗಲ್ಲ.

ಮುದಗಲ್ಲ ಕೋಟೆಯ ಕಂದಕದ ದಂಡೆಯಲ್ಲಿ
ಎರಡು ವಾರ ಬರಿಗೈಲಿ ಕೂರಿಸಿದರು.
ಬ್ರಷ್ಷಿಲ್ಲ, ಬಣ್ಣವಿಲ್ಲ, ಅರ್ಧರ್ಧ ಲೋಟ ಚಹಾ.
ಕಾಲಬುಡದ ನೀರು ನೋಡು ಅಂದರು:
ಕೆಸರು, ಹರಿದ ಚಪ್ಪಲಿಯ ಪಟ್ಟಿ,
ಬಸವನಹುಳು ಎಳೆದ ಗೀರು.
ಹಂಗ ಕತ್ತು ಎತ್ತುತ್ತ ಹೋಗು ಅಂದರು:
ತಳ ತಾನಾಗಿ ಕರಗಿ
ಆಚೆ ದಂಡೆಯ ಹತ್ತಿರ ಬರೀ ಆಕಾಶ.
‘ಹತ್ತಿರ ಕುಂತವರಿಗೆ ಹೊಟ್ಟ್ಯಾಗಿಂದು ತೋರಸ್ತದ,
ದೂರದವರಿಗೆ ಮುಗಿಲು ತೋರಸ್ತದ.
ಇಷ್ಟು ತಿಳಿದ್ರ ಅರ್ಧ ನೀರು ಬಂತು.’

ಇನ್ನರ್ಧಕ್ಕೆ ಆರು ತಿಂಗಳು ಹಿಡಿಯಿತು.

ಬಿಳಿಯದು ನೀರಿನಲ್ಲಿ ಒಂದು ಗುಂಜಿ ಮಬ್ಬಾಗುತ್ತದೆ,
ಕರಿಯದು ಒಂದು ಗುಂಜಿ ತಿಳಿಯಾಗುತ್ತದೆ.
ಬುರುಜಿನ ಬಿಂಬ ನೇರ ನನ್ನ ಕಡೆಗೇ ಇಳಿಯುತ್ತದೆ,
ಎಲ್ಲಿ ಸರಿದು ಕುಂತರೂ ನನ್ನ ಕಡೆಗೇ.
ಅದನ್ನು ಕತ್ತರಿಸುವ ತೆರೆ ಮಾತ್ರ ಅಡ್ಡ,
ಹತ್ತಿರ ಬೆರಳಗಲ, ದೂರ ಹೋದಂತೆ ಕೂದಲೆಳೆ.
ಹೊಳಪಿನ ಬಿಳಿ ಎಲ್ಲಕ್ಕಿಂತ ಕೊನೆಗೆ,
ಅದೂ ಮೂರೇ ಚುಕ್ಕೆ. ನಾನು ನಲವತ್ತಿಟ್ಟೆ.
ಟರ್ಪೆಂಟೈನಿನ ಬಟ್ಟೆಯಿಂದ ಮೂವತ್ತೇಳು ಒರೆಸಿ
ಮಾತಾಡದೆ ಬೀಡಿ ಹಚ್ಚಿದರು.

ಒಮ್ಮೆ ಸಿಟ್ಟು ಬಂದು
ತಗಡನ್ನೇ ತಲೆಕೆಳಗೆ ತಿರುಗಿಸಿ
ಮೇಲಿದ್ದ ಕೋಟೆಯನ್ನು ಕೆಳಗೂ ಬರೆದುಬಿಟ್ಟೆ,
ಕಲ್ಲಿಗೆ ಕಲ್ಲು, ಲೆಕ್ಕ ಸರಿ.
ನಕ್ಕರು. ಗೋಡೆಯಿಂದ ಮುಂದೆ ಚಾಚಿದ ಕಲ್ಲು ತೋರಿಸಿ,
‘ಅದರ ಅಡಿಗೆ ಏನೈತಿ?’
ಕಾಣವಲ್ದು, ಮಾಸ್ತರ.
‘ನೀರಾಗ ನೋಡು.’
ನೀರಿನಲ್ಲಿ, ಕಲ್ಲಿನ ಅಡಿಗೆ,
ಕೆಸರಿನ ಹಕ್ಕಿಗೂಡು, ಒಂದಕ್ಕೊಂದು ಅಂಟಿಕೊಂಡು ಐದು.
‘ಅದು ನಿನ್ನ ಕಣ್ಣೀಲೆ ನೋಡಂಗಿಲ್ಲವ್ವ.
ಕೆಳಗ ಮಲಗಿ ನೋಡ್ತದ.’

ಏಳಲೆಂದು ಬಗ್ಗಿದಾಗ
ಮಾಸ್ತರೂ ಕಂಡರು ಅದರಲ್ಲಿ:
ಗಡ್ಡದ ಕೆಳಗೆ ಯಾವುದೋ ಕಾಲದ ಹಸಿರು ಬಣ್ಣದ ಹನಿ,
ಮಡಿಸಿದ ಶಾಲಿನ ಮರೆಯಲ್ಲಿ
ಒಂದೇ ಸಮ ನಡುಗುವ ಬಲಗೈ.
ಆರು ತಿಂಗಳಲ್ಲಿ ಒಂದು ಗೆರೆಯನ್ನೂ
ಎಳೆದು ತೋರಿಸಿರಲಿಲ್ಲ ಅವರು.
ತೆರೆಯ ನಡುಕ ಅಂದುಕೊಳ್ಳಬಹುದಿತ್ತು.
ಅವತ್ತು ಗಾಳಿ ಇರಲಿಲ್ಲ.

ಲಿಂಗಸುಗೂರು ರಸ್ತೆಯ ನೀರಿನ ಪ್ಲಾಂಟಿಗೆ ಬೋರ್ಡು ಬೇಕಂತೆ.
ಕಂದಕವನ್ನೇ ಬರೆದೆ:
ಪಾಚಿ, ಕಲ್ಲಿನ ಕಂದು, ಬೂದಿ ಮುಗಿಲು,
ಗೂಡು ಐದು, ಚುಕ್ಕೆ ಮೂರು.
ಅಮರೇಗೌಡ ಮುಟ್ಟಿದವನೇ
ಬೆರಳನ್ನು ಪಂಚೆಗೆ ಒರೆಸಿಕೊಂಡ,
ಬಣ್ಣ ಒಣಗಿ ನಾಲ್ಕು ದಿನವಾಗಿತ್ತು.
‘ಚಂದೈತಿ. ಆದ್ರ ಈ ನೀರು ಯಾರು ಕುಡೀತಾರ?
ಹಿಮದ ಗುಡ್ಡ ಹಾಕು, ನೀಲಿ ಮಾಡು.’
ಬೇರೆ ತಗಡಿಗೆ ನೀಲಿ ಬಳಿದು ಕೊಟ್ಟೆ.
ಎರಡು ತಾಸಿನ ಕೆಲಸ. ದುಡ್ಡು ಪೂರಾ ಬಂತು.

ಕಂದಕ ಈಗ ನಮ್ಮ ಹಿತ್ತಲ ತೊಟ್ಟಿಗೆ ಮುಚ್ಚಳ.
ನಳ ಬರುವುದು ಎಂಟು ದಿನಕ್ಕೊಮ್ಮೆ.
ಬೆಳಿಗ್ಗೆ ಅವ್ವ ಒಂದು ಕೈಲಿ ನನ್ನ ನೀರನ್ನು ಎತ್ತಿ ಹಿಡಿದು
ಇನ್ನೊಂದು ಕೈಲಿ ಆ ನೀರಿಗೆ ತಂಬಿಗೆ ಇಳಿಸುತ್ತಾಳೆ.
ನಿನ್ನೆ ಆ ಸಂದಿನಲ್ಲಿ ಬಗ್ಗಿ ನೋಡಿದೆ.
ಕೋಟೆ ಇಲ್ಲ, ಗೂಡಿಲ್ಲ,
ನಾನು ಬಣ್ಣ ಹಚ್ಚದೆ ಬಿಟ್ಟ ತಗಡಿನ ಬೆನ್ನು,
ಅವ್ವನ ಮೊಣಕೈಯ ಒಳಮಡಿಕೆ,
ತುಕ್ಕು.
ಒಂದು ಗುಂಜಿ ತಿಳಿಯಾಗಿತ್ತು.