ಎಡಕ್ಕೆ ಹೋದೀತು

ಎರಡು ಡಬ್ಬಿ ತಂದಿದ್ದೇನೆ ಇವತ್ತು.
ಒಂದು ರಟ್ಟಿನದು. ಅಂಗಡಿಯವನು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು
ಬೀಡಿ ಕಟ್ಟಿನ ಹಾಗೆ ಮುಂದಕ್ಕೆ ತಳ್ಳಿದ್ದು, ಐವತ್ತು ತೋಟಾ.
ಇನ್ನೊಂದು ತಗಡಿನದು, ಒಳಗೆ ಹತ್ತಿ ಹಾಸಿ
ಮಲಗಿಸಿದ ಹತ್ತು.
ಹಯಾತ್ ಸಾಬರು ಮೂರು ಸಂಜೆ ಕೂತು ತುಂಬಿದವು.

ಆನಗೋಡಿನ ಆಚೆ, ಕಲ್ಲು ತೆಗೆದು ಬಿಟ್ಟ ಕ್ವಾರಿ.
ಕ್ಲಬ್ಬಿನ ಕೆಂಪು ಬಾವುಟ ಏರಿಸಿ ಬಂದೆ.
ಸಾಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಡಿಯ ಮೇಲೆ ಟವೆಲು.
ಕಣ್ಣಿನ ಪೊರೆ ಬಲಿತಿದೆ;
ದುರ್ಬೀನು ನನ್ನ ಕೈಗೆ ಬಂದು ವರ್ಷವಾಯಿತು.
"ಮೊದಲು ಅಗ್ಗದ್ದು ಹೊಡಿ" ಅಂದರು,
"ಸಪ್ಪೆ ಯಾವುದು ಅಂತ ನಾಲಿಗೆಗೆ ಗೊತ್ತಾಗಲಿ."

ಹೊಡೆದೆ. ಐದು.
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಬಾಣಲೆ ತಪ್ಪಿಸಿ ಹೊರಗೆ ಹಾರಿದ ಕಾಳಿನ ಹಾಗೆ
ಅಂಗೈ ಅಗಲ ಹರಡಿದವು.
ಒಂದು ಇಲ್ಲಿ, ಒಂದು ಅಲ್ಲಿ, ಇನ್ನೊಂದು
ಯಾಕೆ ಅಷ್ಟು ದೂರ ಹೋಯಿತೆಂದು
ಅದಕ್ಕೂ ಗೊತ್ತಿಲ್ಲ.
ನಿಜ ಹೇಳಬೇಕಲ್ಲ: ಐದಕ್ಕೆ ಐದೂ ಸಿಡಿದವು.
ಒಂದೂ ಮುನಿಸಿಕೊಳ್ಳಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸಾಬರದ್ದು ಬೇರೆ ಲೆಕ್ಕ.
ಹುಡುಗನಾಗಿದ್ದಾಗ ಹತ್ತಿ ಮಿಲ್ಲಿನಲ್ಲಿ
ನೂಲಿನ ಕೌಂಟು ನೋಡಿದ ಬೆರಳು,
ಮಿಲ್ಲು ಮುಚ್ಚಿದ ಮೇಲೆ ಪೊಲೀಸು ಆರ್ಮರಿಯಲ್ಲಿ
ಮೂವತ್ತೊಂದು ವರ್ಷ ಬೇರೆಯವರ ಕೋವಿ ಒರೆಸಿದ ಬೆರಳು.
ಮನೆಯಲ್ಲಿ ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ತಕ್ಕಡಿ.
ಫ್ಯಾನು ಆರಿಸಿ,
ಬಾಗಿಲು ತೆಗೆಯಬೇಡ ಅಂತ ಶಕೀರಾಬಿಗೆ ಕೂಗಿ ಹೇಳಿ,
ಉಸಿರನ್ನೂ ಪಕ್ಕಕ್ಕೆ ಬಿಟ್ಟು
ಒಂದೊಂದು ಹಿತ್ತಾಳೆ ಖೋಲಿಗೂ ಮದ್ದು,
ಹಸುಗೂಸಿಗೆ ಒಳಲೆಯಲ್ಲಿ ಔಷಧಿ ಇಳಿಸಿದ ಹಾಗೆ.
ಖರ್ಚು ಉಳಿಯುತ್ತದೆ ಅಂತ ಶುರು ಮಾಡಿದ್ದಂತೆ.
"ಎಷ್ಟು ಉಳಿಯಿತು?" ಅಂತ ಕೇಳಿದರೆ
ಅಡುಗೆಮನೆಯಿಂದ ನಗು ಬರುತ್ತದೆ.

ಈಗ ಅವರವು.
ಮೊದಲ ನಾಲ್ಕೂ ಒಂದೇ ತೂತು,
ಎಂಟಾಣೆ ನಾಣ್ಯ ಇಟ್ಟರೆ ಮುಚ್ಚುತ್ತದೆ.
ಹೇಳಿದೆ. ಹೂಂ ಅಂದರು. ಅಷ್ಟೆ.

ಐದನೆಯದರ ತಳದಲ್ಲಿ ಒಂದು ಕೆಂಪು ಚುಕ್ಕೆ.
"ಇದೇನು ಸಾಬ್ರೇ?"
"ಗುಂಡು ಕೂರಿಸುವಾಗ ಕೈ ಒಮ್ಮೆ ಅದುರಿತು.
ತೂಕ ಸರಿ ಇದೆ. ಆದರೂ… ಎಡಕ್ಕೆ ಹೋದೀತು."
"ಬಿಚ್ಚಿ ಮತ್ತೆ ಮಾಡಬಹುದಿತ್ತಲ್ಲ?"
"ಮಾಡಬಹುದಿತ್ತು."

ಅರ್ಧ ಉಸಿರು ಬಿಟ್ಟು, ಅರ್ಧ ಹಿಡಿದು, ಹೊಡೆದೆ.
ದುರ್ಬೀನಿನಲ್ಲಿ ನೋಡಿದೆ. ಕಣ್ಣೊರೆಸಿ ಮತ್ತೆ ನೋಡಿದೆ.
ಅದೇ ತೂತು ಅನ್ನಬಹುದಿತ್ತು ನಾನು.
ಪೊರೆಗಣ್ಣಿಗೆ ಕಾಗದವೂ ಬಿಳಿ, ಬಂಡೆಯೂ ಬಿಳಿ.
"ಎಡಕ್ಕೆ" ಅಂದೆ.
"ಎಷ್ಟು?"
"ಎರಡು ಬೆರಳು."
ನಾಲ್ಕಕ್ಕೆ ಹೂಂ ಅಂದವರು ಈಗ
ತೊಡೆ ತಟ್ಟಿಕೊಂಡು ನಕ್ಕರು, ಟವೆಲು ಕೆಳಗೆ ಬಿತ್ತು.

ರಟ್ಟಿನ ಡಬ್ಬಿಯದೂ ಒಂದು ಎಡಕ್ಕೇ ಹೋಗಿದೆ, ನಾಲ್ಕು ಬೆರಳು.
ಅದನ್ನು ತುಂಬಿದ ದಿನ, ಆ ಊರಿನಲ್ಲಿ,
ಯಾರ ಹೊಟ್ಟೆಯಲ್ಲೂ ಏನೂ ಆಗಿರಲಿಲ್ಲ.

"ಖೋಲು ಆರಿಸಿಕೋ, ಮತ್ತೆ ಬೇಕಾಗುತ್ತವೆ."
ಬಗ್ಗಿ ಹತ್ತೂ ಆರಿಸಿದೆ, ಇನ್ನೂ ಬೆಚ್ಚಗಿದ್ದವು.
ಅಂಗೈಗೆ ಸುರಿದೆ. ಕಣ್ಣು ಮುಚ್ಚಿಯೇ ಸವರಿ
ತಮ್ಮ ಐದು ಇಟ್ಟುಕೊಂಡರು, ನನ್ನ ಐದು ವಾಪಸು.
ಮಿರ್ಚಿ ತಿನ್ನೋಣ ನಡಿ, ಬಿಸಿ ಇರುವಾಗಲೇ ಅಂದರು.

ಬಾವುಟ ಇಳಿಸಲು ಹೋದವನು
ತಗಡಿನ ಡಬ್ಬಿಯನ್ನು ಇನ್ನೊಮ್ಮೆ ತೆರೆದೆ.
ಉಳಿದ ಐದರಲ್ಲಿ
ನಾಲ್ಕಕ್ಕೆ ಕೆಂಪು ಚುಕ್ಕೆ.