ಅಂತ

ಟಾಂಗಾಕೂಟದ ಹಿಂದಿನ ಓಣ್ಯಾಗ ಅಪ್ಪನ ಪ್ರೆಸ್ಸು.
ಅಪ್ಪಂದಲ್ಲ, ಹೊಂಬಳ ಮಾಲಕರದು; ಅಪ್ಪ ಮೊಳೆ ಜೋಡಿಸಾಂವ.
ಇಲೆಕ್ಷನ್ ಬಂದರ ಮೂರೂ ಪಕ್ಷದ ಕರಪತ್ರ
ಅದೇ ಮಷಿನ್ನು, ಅದೇ ಕರಿ ಶಾಯಿ.
ಒಬ್ಬರ ಪೈಲ್ವಾನ, ಇನ್ನೊಬ್ಬರ ಕಳ್ಳ
ಒಂದೇ ಹಗ್ಗದ ಮ್ಯಾಲೆ ಒಣಗತಿದ್ರು.

ಎಲ್ಲರನ್ನೂ ಅಂವ ತೆಲಿಕೆಳಗ ಮಾಡಿ ಓದತಿದ್ದ.
ಖಾನೇದಾಗ ‘ಳ’ ತೀರಿದರ
‘ಸುಳ್ಳು’ ತಗದು ‘ಹುಸಿ’ ಇಡಾಂವ,
‘ತೂಕಾನೂ ಕಡಿಮಿ’ ಅನ್ನಾಂವ.
‘ಸಂಸ್ಕೃತಿ’ ಹನ್ನೊಂದು ಸಲ ಬರದು ತಂದವರಿಗೆ
‘ಎರಡ ಸಲ ಸಾಕ ಮಾಡ್ರಿ, ಒತ್ತು ಸಾಲೂದಿಲ್ಲ.’
ಅವರೂ ಸಾಕ ಮಾಡಿದರು.
ಓದಾಕ ಚಲೋನೂ ಆತು.

ಕೆಳಗ ಸಣ್ಣಕ್ಷರದಾಗ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ.
ಹೆಸರು ಬ್ಯಾಡ ಅಂದವರ ಕಾಗದ
ಅವರ ಕೈಗೇ ತಿರುಗಿ ಹೋಗತಿತ್ತು, ಚಾ ಕುಡಿಸಿ.

ನನ್ನ ಅಭಿಪ್ರಾಯ ಮನ್ಯಾಗ ಯಾರೂ ಕೇಳಿರಲಿಲ್ಲ,
ಉಪ್ಪು ಸಾಕಾಗೇತೇನು ಅನ್ನೂದು ಬಿಟ್ಟರ.
ಮುಳಗುಂದ ನಾಕಾದ ಸೈಬರ್ ಕೆಫೇದಾಗ
ತಾಸಿಗೆ ಇಪ್ಪತ್ತು, ಪ್ಲೈವುಡ್ ಗ್ವಾಡಿ,
ಮೊಣಕಾಲಿಗೆ ಬಡಿಯೋ ಸಿಪಿಯು.
ಪರದೆ ಮ್ಯಾಲೆ ಕನ್ನಡ ಬರೇ ಡಬ್ಬಿ ಡಬ್ಬಿ,
ಅಪ್ಪನ ಮೊಳೆ ಖಾಲಿ ಆದ ಖಾನೇದಂಗ.
ಇಂಗ್ಲಿಷ್ ಅಕ್ಷರದಾಗ ಕನ್ನಡ ಜಗಳ ಆಡಿದ್ವಿ.
ನನ್ನ ಹೆಸರು ಅಲ್ಲಿ ‘ಬಿರುಗಾಳಿ ತೊಂಬತ್ತು’.
ಬಿರುಗಾಳಿಗೆ ಓಣಿ ಇಲ್ಲ, ಅಡ್ಡಹೆಸರಿಲ್ಲ,
ಏಳರೊಳಗ ಮನಿ ಸೇರಬೇಕು ಅನ್ನೂದು ಮಾತ್ರ ಇತ್ತು.
ಸುರಪುರದವ ಯಾವನೋ ಗಲ್ಲುಶಿಕ್ಷೆ ಬಗ್ಗೆ
ಎರಡು ತಾಸು ವಾದಾ ಮಾಡಿ
ಕಡೀಕ ಬರದ: ‘ನೀವು ಹೇಳೂದು ಖರೆ ಅನಸ್ತದ.’
ಹದಿನಾಲ್ಕು ವರ್ಷದಾಕಿಗೆ, ನೀವು!
ಸೈಕಲ್ಲು ತುಳಕೋತ ನಾ ಹಾರಿ ಬಂದೆ.
ಈ ಇಂಟರ್‌ನೆಟ್ಟಿಗೆ ಇವತ್ತಿಗೂ ಪೂರಾ ಬೈಯಾಕ ಬರೂದಿಲ್ಲ ನನಗ.

ಆಮ್ಯಾಲೆ ಫೋನಿಗೆ ಕನ್ನಡ ಬಂತು.
‘ಳ’ ತೀರೂದು ನಿಂತು ಹೋತು.
‘ಸಂಸ್ಕೃತಿ’ ಎಷ್ಟು ಸಲ ಬೇಕೋ ಅಷ್ಟು ಸಲ.

ಬೆಟಗೇರಿ ಬಸ್ಸಿನ್ಯಾಗ ಯಾರೋ ಅಂದರು:
ನದಾಫನ ಗಾದಿಗೆ ಆಸ್ಪತ್ರಿ ಹತ್ತಿ ತುಂಬತಾರಂತ.
ಸಿಟ್ಟಿನ್ಯಾಗ ನಾ ಬರದೆ:
ನದಾಫನ ಗಾದಿಗೆ ಆಸ್ಪತ್ರಿ ಹತ್ತಿ ತುಂಬತಾರ.
ಹೆಬ್ಬೆಟ್ಟು ಒತ್ತಿದೆ.
ಇಳಿಯೂದರಾಗ ಇನ್ನೂರ ಹನ್ನೆರಡು ಮಂದಿ ದಾಟಿಸಿದ್ರು.
ಮಾಬುಸಾಬನ ಬಾಗಲಾ ಹದಿನೇಳು ದಿನ ತೆರೀಲಿಲ್ಲ.

ಅವನೇ ಹೊಲದ ಗಾದಿಗೆ ಒರಗಿ ಅಪ್ಪ ಓದಿದ.
ಚಾಳೀಸು ಏರಿಸಿ, ಹಳೇ ಚಟಕ್ಕ
ಫೋನು ತೆಲಿಕೆಳಗ ತಿರುವಿದ.
ಅಕ್ಷರ ತಾವ ಸೀದಾ ನಿಂತವು.
ಮತ್ತ ತಿರುವಿದ. ಮತ್ತ ಸೀದಾ.
‘ಇದು ತಿದ್ದಾಕ ಬಿಡೂದಿಲ್ಲಲಾ’ ಅಂದ.
ತುಸು ತಡದು,
‘ಇಲ್ಲೊಂದು ‘ಅಂತ’ ಬಿದ್ದು ಹೋಗೇತಿ ನೋಡು.’

ಅಳಿಸಿದೆ. ಅಳಿಸಿದ್ದು ಎಲ್ಲಿ ಹೋಗತೈತಿ?
ಪ್ರೆಸ್ಸಿನ್ಯಾಗ ಅಚ್ಚು ಮುಗದ ಮ್ಯಾಲೆ
ಒಂದೊಂದ ಮೊಳೆ ಸೀಮೆಎಣ್ಣ್ಯಾಗ ತಿಕ್ಕಿ
ಅದರದರ ಖಾನೇಕ ಹಾಕತಿದ್ರು.
ಬೈಗಳದ ‘ಕ’ ಮರುದಿನ
ಕಂಕಣದ ‘ಕ’ ಆಗತಿತ್ತು.

ಅಂಗಡಿ ತೆರದ ಮ್ಯಾಲೆ ತಲಿದಿಂಬು ಒಯ್ದೆ,
ಹೇಳಬೇಕಂತಲೇ ಒಯ್ದೆ.
ಕೇಳದೆನ ಅಂವ ಹೊಲಿಗಿ ಬಿಚ್ಚಿ ಹತ್ತಿ ಎಳದ:
‘ಕೈ ಹಾಕಿ ನೋಡ್ರಿ ಅಕ್ಕಾರ, ಮೂಸಿ ನೋಡ್ರಿ,
ಈಗ ಎಲ್ಲಾರಿಗೂ ತೋರಸ್ತೀನಿ.’
ಕೈ ಹಾಕಿದೆ. ಬಿಸಿಲಿಗೆ ಒಣಗಿದ ಹತ್ತಿ, ಬೆಚ್ಚಗಿತ್ತು.
ಬಾಯಿಗೆ ಬಂದ ಮಾತಿಗೆ
ಯಾವುದೋ ಒಂದು ಮೊಳೆ ಸಿಗಲಿಲ್ಲ.
ಎಂಬತ್ತು ರೂಪಾಯಿ ಕೊಟ್ಟು ಬಂದೆ.

ಅದಕ್ಕ ಇಲ್ಲಿ, ಸಣ್ಣಕ್ಷರದಾಗ:
ಬರೆದಾಕಿ, ನೀಲಗಂಗಾ ಪರಪ್ಪ ಕರಮುಡಿ, ಗದಗ.
ಪ್ರತಿಗಳು: ಲೆಕ್ಕಕ್ಕ ಸಿಕ್ಕಿಲ್ಲ.